ಆರ್‌ನಲ್ಲಿ ಗ್ರಾಫ್ ಬರುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಆರ್ ಎಂಬುದು ಅಂಕಿಅಂಶ ವಿಶ್ಲೇಷಣೆಗೂ ಗ್ರಾಫ್ ಬರೆಯಲೂ ಬಳಸುವ ಕಂಪ್ಯೂಟರ್ ಭಾಷೆ. ಅದರಲ್ಲಿ ಹೊಸದಾಗಿ ಗ್ರಾಫ್ ಬರೆಯಲು ಕೂತವರ ತೊಂದರೆಗಳಲ್ಲಿ ಬಹುಪಾಲು ಮೂರು ಜಾಗದಲ್ಲಿ ಹುಟ್ಟುತ್ತವೆ. ಆಜ್ಞೆ ಅರ್ಧಕ್ಕೇ ನಿಂತಿರುತ್ತದೆ. ಚಿತ್ರ ಪರದೆಗೆ ಬರದೆ ಬೇರೆಲ್ಲೋ ಹೋಗಿ ಬೀಳುತ್ತಿರುತ್ತದೆ. ಇಲ್ಲವೇ ಕಾಲಮ್ಮಿನಲ್ಲಿರುವುದು ನಮ್ಮ ಕಣ್ಣಿಗೆ ಸಂಖ್ಯೆ, ಆರ್‌ಗೆ ಬರೀ ಅಕ್ಷರ. ಗ್ರಾಫ್ ಬರೆಯುವ ಸಾಲನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುವ ಮೊದಲು ಈ ಮೂರನ್ನು ನೋಡಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಆಜ್ಞೆಗಳನ್ನೂ ಎರರ್ ಸಂದೇಶಗಳನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ; ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಆರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಚುಕ್ಕೆ, ಕೆಳಗೆರೆ, ಆವರಣ ಚಿಹ್ನೆಗಳು ಇಲ್ಲಿ ಇರುವಂತೆಯೇ ಬರಬೇಕು.

ಎಲ್ಲಕ್ಕೂ ಮೊದಲು: ಒಂದು ಸಾಲಿನ ಪರೀಕ್ಷೆ

ಕನ್ಸೋಲ್‌ನಲ್ಲಿ (ಆಜ್ಞೆ ಹೊಡೆಯುವ ಕಿಟಕಿ) ಪ್ಲಾಟ್(ಕಾರ್ಸ್) ಎಂದು ಹೊಡೆದು ಎಂಟರ್ ಒತ್ತಿ. ಕಾರ್ಸ್ ಎಂಬುದು ಆರ್ ಜೊತೆಗೇ ಬರುವ ಪುಟ್ಟ ಕೋಷ್ಟಕ: 1920ರ ದಶಕದ ಕಾರುಗಳ ವೇಗ ಮತ್ತು ಬ್ರೇಕ್ ಹಾಕಿದ ಮೇಲೆ ನಿಲ್ಲಲು ತೆಗೆದುಕೊಂಡ ದೂರ, ಒಟ್ಟು 50 ಸಾಲು. ಅಡ್ಡ ಅಕ್ಷದಲ್ಲಿ ವೇಗ, ಲಂಬ ಅಕ್ಷದಲ್ಲಿ ದೂರ ಇರುವ ಉಂಗುರಗಳು ಕಾಣಬೇಕು. (ಎಣಿಸಿ ನೋಡಿದರೆ 49 ಸಿಗುತ್ತವೆ. ವೇಗ 13, ದೂರ 34 ಇರುವ ಸಾಲು ಎರಡಿವೆ, ಒಂದರ ಮೇಲೊಂದು ಕೂತಿವೆ. ನಿಮ್ಮ ದತ್ತಾಂಶದಲ್ಲೂ ಚುಕ್ಕೆ ಕಡಿಮೆ ಕಂಡರೆ ಇದು ನೆನಪಿರಲಿ.)

ಚಿತ್ರ ಬಂದರೆ ಆರ್ ಸರಿಯಾಗಿದೆ, ಪರದೆ ಸರಿಯಾಗಿದೆ. ದೋಷ ನಿಮ್ಮ ಆಜ್ಞೆಯಲ್ಲಿ ಅಥವಾ ದತ್ತಾಂಶದಲ್ಲಿದೆ. ಬರದಿದ್ದರೆ ನಿಮ್ಮ ಫೈಲನ್ನು ಮುಟ್ಟುವುದೇ ಬೇಡ, ಮುಂದಿನ ಮೂರು ಭಾಗಗಳನ್ನು ನೋಡಿ. ಏನೇ ತಿದ್ದುಪಡಿ ಮಾಡಿದರೂ ಈ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿ. ಅದಕ್ಕೆ ಖರ್ಚಾಗುವುದು ಒಂದೆರಡು ಸೆಕೆಂಡು.

ಎಂಟರ್ ಒತ್ತಿದರೂ ಏನೂ ಆಗುತ್ತಿಲ್ಲ, ಸಾಲಿನ ಆರಂಭದಲ್ಲಿ + ಕಾಣುತ್ತಿದೆ

ಕನ್ಸೋಲ್ ಸಿದ್ಧವಾಗಿದ್ದರೆ > ಚಿಹ್ನೆ ಇರುತ್ತದೆ. ಅದರ ಜಾಗದಲ್ಲಿ + ಇದ್ದರೆ ಹಿಂದಿನ ಆಜ್ಞೆ ಇನ್ನೂ ಮುಗಿದಿಲ್ಲ, ಉಳಿದ ಭಾಗಕ್ಕೆ ಆರ್ ಕಾಯುತ್ತಿದೆ ಎಂದರ್ಥ. ಒಂದು ಆವರಣ ಮುಚ್ಚಿಲ್ಲ, ಅಥವಾ ಒಂದು ಉದ್ಧರಣ ಚಿಹ್ನೆ ಬಿಟ್ಟುಹೋಗಿದೆ. ಆಮೇಲೆ ನೀವು ಏನು ಹೊಡೆದರೂ ಅದೆಲ್ಲ ಅದೇ ಅರ್ಧ ಆಜ್ಞೆಗೆ ಸೇರುತ್ತ ಹೋಗುತ್ತದೆ. ಎಸ್ಕೇಪ್ ಕೀಲಿ ಒತ್ತಿದರೆ > ಮರಳುತ್ತದೆ. ಲಿನಕ್ಸ್ ಅಥವಾ ಮ್ಯಾಕ್‌ನ ಟರ್ಮಿನಲ್‌ನಲ್ಲಿ ನೇರವಾಗಿ ಆರ್ ಓಡಿಸುತ್ತಿದ್ದರೆ ಕಂಟ್ರೋಲ್ ಹಿಡಿದು ಸಿ ಒತ್ತಿ.

"ಅನ್‌ಎಕ್ಸ್‌ಪೆಕ್ಟೆಡ್ ಸಿಂಬಲ್" ಬಂದರೆ ಸಾಮಾನ್ಯವಾಗಿ ಎಲ್ಲೋ ಅಲ್ಪವಿರಾಮ ಬಿಟ್ಟಿದೆ. "ಅನ್‌ಎಕ್ಸ್‌ಪೆಕ್ಟೆಡ್ ಇನ್‌ಪುಟ್" ಬಂದರೆ ಉದ್ಧರಣ ಚಿಹ್ನೆ ನೋಡಿ: ವರ್ಡ್‌ನಿಂದಲೋ ವಾಟ್ಸ್ಆ್ಯಪ್‌ನಿಂದಲೋ ನಕಲು ಮಾಡಿದ ಆಜ್ಞೆಯಲ್ಲಿ ಬಾಗಿದ ಚಿಹ್ನೆಗಳು ಬಂದಿರುತ್ತವೆ. ಆರ್‌ಗೆ ಕೀಬೋರ್ಡಿನ ನೆಟ್ಟಗಿನ ಚಿಹ್ನೆಯೇ ಬೇಕು. ಅಳಿಸಿ ಕೈಯಿಂದ ಹೊಡೆಯಿರಿ.

ಕೆಂಪು ಅಕ್ಷರ ಬಂತು

ಆರ್‌ಸ್ಟುಡಿಯೋದಲ್ಲಿ (ಆರ್ ಬಳಸಲು ಇರುವ ತಂತ್ರಾಂಶ) ಕೆಂಪಾಗಿ ಕಂಡದ್ದೆಲ್ಲ ಎರರ್ ಅಲ್ಲ. ಪ್ಯಾಕೇಜ್ (ಆರ್‌ಗೆ ಸೇರಿಸಿಕೊಳ್ಳುವ ಆಜ್ಞೆಗಳ ಕಟ್ಟು) ತೆರೆದಾಗ ಬರುವ "ಮಾಸ್ಕ್ಡ್" ಪಟ್ಟಿ, "ಬಿಲ್ಟ್ ಅಂಡರ್ ಆರ್ ವರ್ಷನ್" ಎಂಬ ಸೂಚನೆ, ಇವನ್ನು ಸದ್ಯಕ್ಕೆ ಬಿಡಬಹುದು. ವಿಂಡೋಸ್‌ನಲ್ಲಿ "ಆರ್‌ಟೂಲ್ಸ್ ಬೇಕು" ಎಂದು ಬರುವ ಎಚ್ಚರಿಕೆಗೂ ಹೆದರಬೇಕಿಲ್ಲ. ಸಿದ್ಧರೂಪದ ಪ್ಯಾಕೇಜ್‌ಗಳಿಗೆ ಅದು ಬೇಡ. ಸಾಲು "ಎರರ್" ಎಂದೇ ಶುರುವಾದರೆ ಮಾತ್ರ ಕೆಲಸ ನಿಂತಿದೆ. ಹಲವು ಎರರ್ ಸಾಲಾಗಿ ಬಂದಿದ್ದರೆ ಮೊದಲನೆಯದನ್ನು ಓದಿ, ಮಿಕ್ಕವು ಅದರ ಹಿಂದೆ ಬಂದ ಬಾಲಗಳು.

"ಕುಡ್ ನಾಟ್ ಫೈಂಡ್ ಫಂಕ್ಷನ್ ಜಿಜಿಪ್ಲಾಟ್": ಗ್ರಾಫ್ ಬರೆಯುವ ಜಿಜಿಪ್ಲಾಟ್2 ಪ್ಯಾಕೇಜ್ ತೆರೆದಿಲ್ಲ. ಇನ್‌ಸ್ಟಾಲ್.ಪ್ಯಾಕೇಜಸ್("ಜಿಜಿಪ್ಲಾಟ್2") ಒಂದು ಸಲ ಸಾಕು, ಆದರೆ ಲೈಬ್ರರಿ(ಜಿಜಿಪ್ಲಾಟ್2) ಆರ್ ತೆರೆದಾಗಲೆಲ್ಲ ಬೇಕು. ಪ್ಯಾಕೇಜ್ ಹೆಸರಿನ ಕೊನೆಗೆ 2 ಇದೆ, ಆಜ್ಞೆಯ ಹೆಸರಿನಲ್ಲಿ ಇಲ್ಲ; ಇಲ್ಲಿ ಎಡವದವರು ಕಡಿಮೆ. ಸ್ಥಾಪಿಸುವಾಗ ಮೂಲ ಸಂಕೇತದಿಂದ ಕಂಪೈಲ್ ಮಾಡಬೇಕೇ ಎಂದು ಕೇಳಿದರೆ ಬೇಡ ಎನ್ನಿ. ವೈಯಕ್ತಿಕ ಲೈಬ್ರರಿ ಮಾಡಲೇ ಎಂದು ಕೇಳಿದರೆ ಹೂಂ ಎನ್ನಿ. ಕಾಲೇಜು ಲ್ಯಾಬಿನ ಕಂಪ್ಯೂಟರುಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳದೆ ಕೆಲಸ ಸಾಗುವುದು ಈ ಎರಡನೆಯ ಉತ್ತರದಿಂದಲೇ.

"ಆಬ್ಜೆಕ್ಟ್ ನಾಟ್ ಫೌಂಡ್": ಹೆಸರಿನ ಕಾಗುಣಿತ ತಪ್ಪಿದೆ, ಅಥವಾ ದತ್ತಾಂಶ ಓದುವ ಸಾಲನ್ನು ಓಡಿಸದೆ ಗ್ರಾಫಿನ ಸಾಲನ್ನು ಮಾತ್ರ ಓಡಿಸಿದ್ದೀರಿ. ಎಲ್‌ಎಸ್() ಎಂದರೆ ಈಗ ನೆನಪಿನಲ್ಲಿರುವ ಹೆಸರುಗಳೆಲ್ಲ ಕಾಣುತ್ತವೆ.

"ಆಬ್ಜೆಕ್ಟ್ ಆಫ್ ಟೈಪ್ ಕ್ಲೋಶರ್ ಈಸ್ ನಾಟ್ ಸಬ್‌ಸೆಟ್ಟಬಲ್": ಕೇಳಲು ಭಯಂಕರ, ಕಾರಣ ಸರಳ. ಡೇಟಾ, ಡಿಎಫ್ ಎಂಬ ಹೆಸರಿನ ಫಂಕ್ಷನ್‌ಗಳು ಆರ್‌ನಲ್ಲಿ ಮೊದಲೇ ಇವೆ. ಅದೇ ಹೆಸರನ್ನು ನಿಮ್ಮ ಕೋಷ್ಟಕಕ್ಕೆ ಇಡಲು ಯೋಚಿಸಿದ್ದೀರಿ, ಆದರೆ ಕೋಷ್ಟಕ ಓದುವ ಸಾಲು ಓಡಿಲ್ಲ; ಹಾಗಾಗಿ ಆರ್‌ಗೆ ಸಿಕ್ಕಿದ್ದು ಫಂಕ್ಷನ್. ಕೋಷ್ಟಕಕ್ಕೆ ಮಳೆ, ಬೆಳೆ, ಅಂಕ ಹೀಗೆ ನಿಮ್ಮದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಈ ಗೊಂದಲವೇ ಹುಟ್ಟುವುದಿಲ್ಲ.

ಎರರ್ ಇಲ್ಲ, ಚಿತ್ರವೂ ಇಲ್ಲ

ಆರ್ ಚಿತ್ರವನ್ನು ಒಂದು ಸಾಧನಕ್ಕೆ ಕಳಿಸುತ್ತದೆ. ಪರದೆಯ ಕಿಟಕಿಯೂ ಸಾಧನ, ಪಿಎನ್‌ಜಿ ಫೈಲೂ ಸಾಧನ, ಪಿಡಿಎಫ್ ಫೈಲೂ ಸಾಧನ. ಹಿಂದೆ ಯಾವಾಗಲೋ ಪಿಎನ್‌ಜಿ("ಚಿತ್ರ.ಪಿಎನ್‌ಜಿ") ಎಂದು ಫೈಲ್ ತೆರೆದು ಮುಚ್ಚದೆ ಬಿಟ್ಟಿದ್ದರೆ, ಆಮೇಲಿನ ಗ್ರಾಫ್‌ಗಳೆಲ್ಲ ಸದ್ದಿಲ್ಲದೆ ಆ ಫೈಲಿಗೇ ಹೋಗುತ್ತಿರುತ್ತವೆ.

ಡೆವ್.ಲಿಸ್ಟ್() ಹೊಡೆದು ನೋಡಿ. ಪಟ್ಟಿಯಲ್ಲಿ ಪಿಎನ್‌ಜಿ ಅಥವಾ ಪಿಡಿಎಫ್ ಹೆಸರಿದ್ದರೆ ಡೆವ್.ಆಫ್() ಓಡಿಸಿ, ಆ ಹೆಸರುಗಳು ಹೋಗುವ ತನಕ ಮತ್ತೆ ಓಡಿಸಿ. "ಕೆನಾಟ್ ಶಟ್ ಡೌನ್ ಡಿವೈಸ್ 1" ಎಂದು ಬಂದರೆ ಮುಚ್ಚಲು ಏನೂ ಉಳಿದಿಲ್ಲ ಎಂದಷ್ಟೇ. ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಗ್ರಾಫಿಕ್ಸ್.ಆಫ್() ಇದೆ. ಎಚ್ಚರ: ಆರ್‌ಸ್ಟುಡಿಯೋದಲ್ಲಿ ಅದು ಪ್ಲಾಟ್ಸ್ ಕಿಟಕಿಯಲ್ಲಿ ಸಾಲುಗಟ್ಟಿರುವ ಹಳೆಯ ಚಿತ್ರಗಳನ್ನೂ ಅಳಿಸುತ್ತದೆ, ಅಲ್ಲಿರುವ ಪೊರಕೆ ಗುಂಡಿಯದೂ ಅದೇ ಕೆಲಸ. ಬೇಕಾದ ಚಿತ್ರ ಅಲ್ಲಿದ್ದರೆ ಮೊದಲು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಸಾಧನ ಸರಿಯಿದ್ದೂ ಜಿಜಿಪ್ಲಾಟ್ ಚಿತ್ರ ಬರದಿದ್ದರೆ ಆಜ್ಞೆ ಎಲ್ಲಿದೆ ನೋಡಿ. ಫಾರ್ ಲೂಪ್ ಒಳಗೆ, ಫಂಕ್ಷನ್ ಒಳಗೆ, ಅಥವಾ ಸೋರ್ಸ್() ಮೂಲಕ ಓಡಿಸಿದ ಫೈಲಿನಲ್ಲಿ ಜಿಜಿಪ್ಲಾಟ್ ತಾನಾಗಿ ಚಿತ್ರ ತೋರಿಸುವುದಿಲ್ಲ. ಪ್ರಿಂಟ್() ಒಳಗೆ ಇಡಬೇಕು. ಮೂಲ ಆರ್‌ನ ಪ್ಲಾಟ್() ಆಜ್ಞೆಗೆ ಈ ಕಟ್ಟುಪಾಡು ಇಲ್ಲ. ಆರ್‌ಸ್ಕ್ರಿಪ್ಟ್ ಮೂಲಕ (ಕನ್ಸೋಲ್ ತೆರೆಯದೆ ಟರ್ಮಿನಲ್‌ನಿಂದ) ಓಡಿಸಿದವರು ಅದೇ ಫೋಲ್ಡರ್‌ನಲ್ಲಿ ಆರ್‌ಪ್ಲಾಟ್ಸ್.ಪಿಡಿಎಫ್ ಎಂಬ ಫೈಲ್ ಹುಡುಕಿ. ಪರದೆ ಇಲ್ಲದಾಗ ಚಿತ್ರ ಅಲ್ಲಿಗೆ ಹೋಗುತ್ತದೆ.

"ಪ್ಲಾಟ್.ನ್ಯೂ ಹ್ಯಾಸ್ ನಾಟ್ ಬೀನ್ ಕಾಲ್ಡ್ ಯೆಟ್" ಎಂಬುದು ಇದರ ಸಂಬಂಧಿ. ಲೈನ್ಸ್(), ಪಾಯಿಂಟ್ಸ್(), ಲೆಜೆಂಡ್() ಇವು ಇರುವ ಚಿತ್ರದ ಮೇಲೆ ಬರೆಯುವ ಆಜ್ಞೆಗಳು. ಕೆಳಗೆ ಚಿತ್ರವೇ ಇಲ್ಲದಿದ್ದರೆ ಹೀಗೆ ದೂರುತ್ತವೆ. ಮೊದಲು ಪ್ಲಾಟ್() ಓಡಿಸಿ.

"ಫಿಗರ್ ಮಾರ್ಜಿನ್ಸ್ ಟೂ ಲಾರ್ಜ್"

ಹತ್ತರಲ್ಲಿ ಒಂಬತ್ತು ಸಲ ಪ್ಲಾಟ್ಸ್ ಕಿಟಕಿ ತೀರಾ ಚಿಕ್ಕದಾಗಿದೆ. ಅಂಚು ಹಿಡಿದು ಎಳೆದು ದೊಡ್ಡದು ಮಾಡಿ, ಮತ್ತೆ ಓಡಿಸಿ. ಆದರೂ ಬಂದರೆ ಅಂಚಿನ ಜಾಗ ಕುಗ್ಗಿಸಿ: ಪಾರ್(ಮಾರ್ = ಸಿ(4, 4, 2, 1)). ಮೂಲತಃ ಇರುವುದು 5.1, 4.1, 4.1, 2.1, ಕ್ರಮವಾಗಿ ಕೆಳಗೆ, ಎಡ, ಮೇಲೆ, ಬಲ, ಅಳತೆ ಅಕ್ಷರಸಾಲುಗಳ ಲೆಕ್ಕದಲ್ಲಿ. ಪಾರ್() ಬದಲಾವಣೆ ಆ ಸಾಧನ ಮುಚ್ಚುವವರೆಗೂ ಉಳಿಯುತ್ತದೆ. "ನಿನ್ನೆಯಿಂದ ಎಲ್ಲ ಗ್ರಾಫೂ ಕಾಲು ಭಾಗಕ್ಕೆ ಕುಗ್ಗಿ ಬರುತ್ತಿದೆ" ಎಂಬ ದೂರಿನ ಹಿಂದೆ ಇರುವುದೂ ಮರೆತ ಪಾರ್(ಎಂಎಫ್‌ರೋ = ಸಿ(2, 2)). ಡೆವ್.ಆಫ್() ಮಾಡಿದರೆ ಎಲ್ಲ ಮೊದಲಿನಂತೆ.

ಫೈಲಿಗೆ ಉಳಿಸುವಾಗ ಇದೇ ಎರರ್ ಬಂದರೆ ಅಳತೆಯ ಮಾನ ಬಿಟ್ಟಿದ್ದೀರಿ. ಪಿಎನ್‌ಜಿಯಲ್ಲಿ ಅಗಲ 6, ಎತ್ತರ 4 ಎಂದಷ್ಟೇ ಕೊಟ್ಟರೆ ಆರ್ ಅದನ್ನು 6 ಪಿಕ್ಸೆಲ್, 4 ಪಿಕ್ಸೆಲ್ ಎಂದುಕೊಳ್ಳುತ್ತದೆ. ಯೂನಿಟ್ಸ್ = "ಇನ್", ರೆಸ್ = 300 ಎರಡನ್ನೂ ಸೇರಿಸಿದರೆ ಅಂಗುಲವಾಗುತ್ತದೆ; ರೆಸ್ ಬಿಟ್ಟರೆ ಬೇರೆ ಎರರ್ ಬರುತ್ತದೆ.

ದತ್ತಾಂಶದ ಫೈಲೇ ತೆರೆಯುತ್ತಿಲ್ಲ

"ನೋ ಸಚ್ ಫೈಲ್" ಎಂದರೆ ಗೆಟ್‌ಡಬ್ಲ್ಯೂಡಿ() ಹೊಡೆದು ಆರ್ ಯಾವ ಫೋಲ್ಡರ್‌ನಲ್ಲಿ ನಿಂತಿದೆ ನೋಡಿ. ವಿಂಡೋಸ್ ಫೈಲಿನ ಬಾಲವನ್ನು ಅಡಗಿಸಿಡುವುದರಿಂದ ಹೆಸರು ನಿಜಕ್ಕೂ ಮಳೆ.ಸಿಎಸ್‌ವಿ.ಸಿಎಸ್‌ವಿ ಆಗಿರುವುದೂ ಉಂಟು, ಲಿಸ್ಟ್.ಫೈಲ್ಸ್() ಪೂರ್ತಿ ಹೆಸರು ತೋರಿಸುತ್ತದೆ. ದಾರಿಯಲ್ಲಿ ಹಿಮ್ಮುಖ ಓರೆಗೆರೆ ಇದ್ದರೆ "ಯು ಯೂಸ್ಡ್ ವಿತೌಟ್ ಹೆಕ್ಸ್ ಡಿಜಿಟ್ಸ್" ಎಂಬ ವಿಚಿತ್ರ ಎರರ್ ಬರುತ್ತದೆ. ಓರೆಗೆರೆಗಳನ್ನೆಲ್ಲ / ಮಾಡಿ.

ಸಣ್ಣ ಸಂಖ್ಯೆಗಳು ಬಂದಿವೆ, ದೊಡ್ಡವು ಮಾಯ

ನಮ್ಮ ಕಡೆಯ ಕಚೇರಿ ದತ್ತಾಂಶದಲ್ಲಿ ಅತಿ ಹೆಚ್ಚು ಸಿಗುವ ದೋಷ ಇದು, ಅತಿ ಹೆಚ್ಚು ಮೋಸ ಮಾಡುವುದೂ ಇದೇ. ಎಕ್ಸೆಲ್‌ನಲ್ಲಿ 1,25,000 ಎಂದು ಅಲ್ಪವಿರಾಮ ಹಾಕಿ ಬರೆದ ಸಂಖ್ಯೆ ಆರ್‌ಗೆ ಅಕ್ಷರಮಾಲೆ. ಕಾಲಮ್ಮಿನಲ್ಲಿ ಇಂಥದ್ದು ಒಂದೇ ಇದ್ದರೂ ರೀಡ್.ಸಿಎಸ್‌ವಿ() ಇಡೀ ಕಾಲಮ್ಮನ್ನು ಅಕ್ಷರವಾಗಿ ಓದುತ್ತದೆ. ಪ್ಲಾಟ್() ಅದನ್ನು ಸಂಖ್ಯೆಗೆ ತಿರುಗಿಸಲು ನೋಡುತ್ತದೆ: 950 ತಿರುಗುತ್ತದೆ, 1,250 ತಿರುಗುವುದಿಲ್ಲ. ಹಾಗಾಗಿ ಸಾವಿರಕ್ಕಿಂತ ಕಡಿಮೆ ಇರುವ ಚುಕ್ಕೆಗಳು ಮಾತ್ರ ಕಾಣುತ್ತವೆ, ಗ್ರಾಫ್ ನೋಡಲು ಚೆನ್ನಾಗಿಯೇ ಇರುತ್ತದೆ, ಕೆಳಗೆ "ಎನ್‌ಎಸ್ ಇಂಟ್ರೊಡ್ಯೂಸ್ಡ್ ಬೈ ಕೋಯರ್ಶನ್" ಎಂಬ ಒಂದು ಎಚ್ಚರಿಕೆ (ಎನ್‌ಎ ಎಂದರೆ ಬೆಲೆಯಿಲ್ಲದ ಕೋಶ) ಬಿದ್ದಿರುತ್ತದೆ. ಆ ಎಚ್ಚರಿಕೆಯನ್ನು ಎಂದೂ ಬಿಟ್ಟು ಮುಂದೆ ಹೋಗಬೇಡಿ. ಒಂದೂ ತಿರುಗದಿದ್ದರೆ "ನೀಡ್ ಫೈನೈಟ್ ವೈಲಿಮ್ ವ್ಯಾಲ್ಯೂಸ್" ಎಂದು ನಿಂತೇ ಬಿಡುತ್ತದೆ; ನಿಜ ಹೇಳಬೇಕೆಂದರೆ ಅದೇ ವಾಸಿ, ದೋಷ ಇದೆ ಎಂದಾದರೂ ಗೊತ್ತಾಗುತ್ತದೆ.

ಜಿಜಿಪ್ಲಾಟ್‌ನಲ್ಲಿ ಇದೇ ದೋಷದ ಮುಖ ಬೇರೆ. ಚುಕ್ಕೆಗಳೆಲ್ಲ ಬರುತ್ತವೆ, ಆದರೆ ಲಂಬ ಅಕ್ಷದಲ್ಲಿ ಒಂದೊಂದು ಸಂಖ್ಯೆಯೂ ಬೇರೆ ಬೇರೆ ಹೆಸರಿನಂತೆ ಒತ್ತೊತ್ತಾಗಿ ನಿಂತಿರುತ್ತದೆ, 1,250ರ ಮೇಲೆ 950 ಕೂತಿರುತ್ತದೆ. ಅಕ್ಷದ ಮೇಲಿನ ಗುರುತುಗಳು ಕಪ್ಪು ಪಟ್ಟಿಯಂತೆ ಕಂಡರೆ ಅದು ಅಕ್ಷರದ ಕಾಲಮ್ಮೇ.

ಪರೀಕ್ಷೆ: ಎಸ್‌ಟಿಆರ್(ಕೋಷ್ಟಕ). ಕಾಲಮ್ಮಿನ ಮುಂದೆ ನಮ್ ಅಥವಾ ಇಂಟ್ ಇದ್ದರೆ ಸಂಖ್ಯೆ, ಸಿಎಚ್‌ಆರ್ ಇದ್ದರೆ ಅಕ್ಷರ. ಆರ್ 4.0.0ಕ್ಕಿಂತ ಹಳೆಯ ಆವೃತ್ತಿಯಲ್ಲಿ ಫ್ಯಾಕ್ಟರ್ ಎಂದು ಕಾಣುತ್ತದೆ. ಆ ಕಾಲದ ಪಾಠಗಳಲ್ಲಿ ಇರುವುದಕ್ಕೂ ನಿಮ್ಮ ಪರದೆಗೂ ಹೊಂದದಿದ್ದರೆ ಕಾರಣ ಈ ಬದಲಾವಣೆ.

ಪರಿಹಾರ: ಜಿಸಬ್(",", "", ಕಾಲಂ) ಅಲ್ಪವಿರಾಮ ತೆಗೆಯುತ್ತದೆ, ಅದರ ಸುತ್ತ ಆಸ್.ನ್ಯೂಮರಿಕ್() ಹಾಕಿದರೆ ಸಂಖ್ಯೆ. ರೂಪಾಯಿ ಚಿಹ್ನೆ, ಶೇಕಡಾ ಚಿಹ್ನೆ ಸೇರಿದ್ದರೆ ರೀಡ್‌ಆರ್ ಪ್ಯಾಕೇಜಿನ ಪಾರ್ಸ್_ನಂಬರ್() ಸುಲಭ. ಕೋಶದಲ್ಲಿ ಕನ್ನಡ ಅಂಕಿಗಳೇ ಇದ್ದರೆ, ೨೫೦ ಎಂಬಂತೆ, ಆರ್ ಅವನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ಸಿಎಚ್‌ಎಆರ್‌ಟಿಆರ್("೦೧೨೩೪೫೬೭೮೯", "0123456789", ಕಾಲಂ) ಎಂದು ಅಂಕಿ ಬದಲಿಸಿ, ಆಮೇಲೆ ಸಂಖ್ಯೆಗೆ ತಿರುಗಿಸಿ.

ಸಂಖ್ಯೆ ಸರಿಯಾಗಿದ್ದೂ ಕೆಲವು ಚುಕ್ಕೆ ಕಾಣೆಯಾಗಿದ್ದರೆ ಖಾಲಿ ಕೋಶಗಳನ್ನು ಶಂಕಿಸಿ. ಆರ್ ಜೊತೆ ಬರುವ ಏರ್‌ಕ್ವಾಲಿಟಿ ಕೋಷ್ಟಕದಲ್ಲಿ 1973ರ ಮೇಯಿಂದ ಸೆಪ್ಟೆಂಬರ್‌ವರೆಗಿನ ನ್ಯೂಯಾರ್ಕ್ ಗಾಳಿಯ ಅಳತೆ 153 ದಿನದ್ದಿದೆ, ಓಝೋನ್ ಕಾಲಮ್ಮಿನಲ್ಲಿ 37 ಖಾಲಿ. ಅದರ ಜಿಜಿಪ್ಲಾಟ್ ಬರೆದರೆ "ರಿಮೂವ್ಡ್ 37 ರೋಸ್" ಎಂದು ಹೇಳಿಯೇ ಬಿಡುತ್ತದೆ. ನಿಮ್ಮ ಗ್ರಾಫಿನಲ್ಲಿ ಬಂದ ಅಂಥ ಸಂಖ್ಯೆ, ಸಮ್(ಈಸ್.ಎನ್‌ಎ(ಕಾಲಂ)) ಕೊಡುವ ಸಂಖ್ಯೆ ಎರಡೂ ಒಂದೇ ಆದರೆ ಚಿಂತೆಯಿಲ್ಲ (ಈಸ್.ಎನ್‌ಎ ಎಲ್ಲ ಸಣ್ಣಕ್ಷರ). ಕಳಚಿದ ಸಾಲು ಖಾಲಿ ಕೋಶಗಳಿಗಿಂತ ಹೆಚ್ಚಿದ್ದರೆ ಅಕ್ಷದ ಮಿತಿ ನೋಡಿ: ವೈಲಿಮ್(10, 100) ಆ ಮಿತಿಯ ಹೊರಗಿನದನ್ನು ಬಿಸಾಡುತ್ತದೆ, ಸೊನ್ನೆಯಿಂದ ಏಳುವ ಕಂಬಗಳೆಲ್ಲ ಮಾಯವಾಗುತ್ತವೆ. ಹತ್ತಿರದಿಂದ ತೋರಿಸಲು ಕೋಆರ್ಡ್_ಕಾರ್ಟೀಶಿಯನ್() ಒಳಗೆ ಮಿತಿ ಕೊಡಿ.

ಅಕ್ಷದ ಮೇಲೆ 1ಇ+05 ಎಂದು ಕಂಡರೆ ದೋಷವಲ್ಲ, ಒಂದು ಲಕ್ಷ ಎಂದರ್ಥ. ಆಪ್ಶನ್ಸ್(ಸೈಪೆನ್ = 999) ಎಂದರೆ ಅಂಕಿಯಲ್ಲೇ ಬರುತ್ತದೆ. ಲಕ್ಷ, ಕೋಟಿಯ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿಸಲು ಒದ್ದಾಡುವುದಕ್ಕಿಂತ ಕಾಲಮ್ಮನ್ನು 100000ದಿಂದ ಭಾಗಿಸಿ, ಅಕ್ಷದ ಹೆಸರಿನಲ್ಲಿ "ಲಕ್ಷ ರೂಪಾಯಿಗಳಲ್ಲಿ" ಎಂದು ಬರೆಯುವುದು ಓದುವವರಿಗೂ ಸುಲಭ.

ಗೆರೆ ಅಡ್ಡಾದಿಡ್ಡಿ ಓಡುತ್ತಿದೆ, ಅಥವಾ ತಿಂಗಳು ಅಕ್ಟೋಬರ್‌ನಿಂದ ಶುರು

ಪ್ಲಾಟ್() ಗೆರೆ ಎಳೆಯುವುದು ಸಾಲುಗಳು ಇರುವ ಕ್ರಮದಲ್ಲೇ. ಕೋಷ್ಟಕ ದಿನಾಂಕದ ಕ್ರಮದಲ್ಲಿ ಇಲ್ಲದಿದ್ದರೆ ಗೆರೆ ಹಿಂದೆ ಮುಂದೆ ಓಡಾಡುತ್ತದೆ. ಆರ್ಡರ್() ಬಳಸಿ ಕೋಷ್ಟಕವನ್ನು ಮೊದಲು ಜೋಡಿಸಿ. ಜಿಜಿಪ್ಲಾಟ್‌ನಲ್ಲಿ ಗೆರೆಯೇ ಬರದೆ "ಈಚ್ ಗ್ರೂಪ್ ಕನ್ಸಿಸ್ಟ್ಸ್ ಆಫ್ ಓನ್ಲಿ ಒನ್ ಅಬ್ಸರ್ವೇಶನ್" ಎಂದರೆ ಅಡ್ಡ ಅಕ್ಷದಲ್ಲಿ ಅಕ್ಷರ ಇದೆ; ಎಇಎಸ್() (ಯಾವ ಕಾಲಮ್ ಯಾವ ಅಕ್ಷಕ್ಕೆ ಎಂದು ಹೇಳುವ ಭಾಗ) ಒಳಗೆ ಗ್ರೂಪ್ = 1 ಸೇರಿಸಿ.

ತಿಂಗಳ ಹೆಸರು ಕನ್ನಡದಲ್ಲಿದ್ದರೆ ಆರ್ ಅಕಾರಾದಿ ಹಿಡಿಯುತ್ತದೆ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಆಮೇಲೆ ಜನವರಿ. ಫ್ಯಾಕ್ಟರ್(ತಿಂಗಳು, ಲೆವೆಲ್ಸ್ = ಸಿ("ಜನವರಿ", "ಫೆಬ್ರವರಿ", …)) ಎಂದು ಹನ್ನೆರಡನ್ನೂ ನಮಗೆ ಬೇಕಾದ ಕ್ರಮದಲ್ಲಿ ಬರೆದುಕೊಟ್ಟರೆ ಸರಿಹೋಗುತ್ತದೆ. ಮುಂಗಾರು ಗ್ರಾಫ್ ಜೂನ್‌ನಿಂದ ಶುರುವಾಗಬೇಕಿದ್ದರೆ ಜೂನನ್ನೇ ಮೊದಲು ಬರೆಯಿರಿ.

ದಿನಾಂಕದ ಅಕ್ಷದಲ್ಲಿ ಇಸವಿ 5, ಇಸವಿ 15 ಎಂಬಂಥವು ಕಂಡರೆ ಕಾರಣ ನಿಖರವಾಗಿ ಒಂದೇ. ಆಸ್.ಡೇಟ್() (ಡೇಟ್‌ನ ಡಿ ದೊಡ್ಡಕ್ಷರ) ವರ್ಷ ಮೊದಲು ಬರುತ್ತದೆ ಎಂದು ನಂಬಿರುತ್ತದೆ. 05-08-2024 ಕೊಟ್ಟರೆ ಇಸವಿ 5, ತಿಂಗಳು 8, ದಿನ 20 ಎಂದು ಓದಿ ಉಳಿದ ಎರಡು ಅಂಕಿಯನ್ನು ಸದ್ದಿಲ್ಲದೆ ಕೈಬಿಡುತ್ತದೆ. ನಾವು ಬರೆಯುವ ಕ್ರಮವನ್ನು ತಿಳಿಸಿ: ಫಾರ್ಮ್ಯಾಟ್ = "%ಡಿ-%ಎಂ-%ವೈ"; ಇಲ್ಲಿ ವೈ ದೊಡ್ಡಕ್ಷರ, ಮಿಕ್ಕವು ಸಣ್ಣ. ವೈ ಸಣ್ಣದಾದರೆ ಎರಡಂಕಿಯ ವರ್ಷ ಎಂದರ್ಥ, ಮತ್ತೆ ತಪ್ಪು.

ಜಿಜಿಪ್ಲಾಟ್: ಬೂದು ಚೌಕ ಮಾತ್ರ, ಅಥವಾ ನೀಲಿ ಕೇಳಿದರೆ ಕೆಂಪು

ಅಕ್ಷ ಇದೆ, ಒಳಗೆ ಏನೂ ಇಲ್ಲ ಎಂದರೆ ಪದರ ಸೇರಿಸಿಲ್ಲ: ಜಿಯೋಮ್_ಪಾಯಿಂಟ್() ಅಥವಾ ಜಿಯೋಮ್_ಲೈನ್() ಬೇಕು. ಸೇರಿಸಿದ್ದೂ ಬರದಿದ್ದರೆ + ಎಲ್ಲಿದೆ ನೋಡಿ. ಅದು ಸಾಲಿನ ಕೊನೆಯಲ್ಲಿರಬೇಕು. ಮುಂದಿನ ಸಾಲಿನ ಮೊದಲಿಗೆ ಇದ್ದರೆ ಆರ್ ಹಿಂದಿನ ಸಾಲಿಗೇ ಆಜ್ಞೆ ಮುಗಿಯಿತೆಂದು ಬೂದು ಚೌಕ ಬರೆದು ಬಿಡುತ್ತದೆ.

ಕಲರ್ = "ಬ್ಲೂ" ಎಂಬುದನ್ನು ಎಇಎಸ್() ಆವರಣದ ಒಳಗೆ ಬರೆದರೆ ಅದು ಬಣ್ಣವಲ್ಲ, "ಬ್ಲೂ" ಎಂಬ ಹೆಸರಿನ ಒಂದು ಗುಂಪು. ಮೊದಲ ಗುಂಪಿಗೆ ಸಿಗುವ ಬಣ್ಣ ಕೆಂಪು ಮಿಶ್ರಿತ ಗುಲಾಬಿ, ಪಕ್ಕದಲ್ಲಿ "ಬ್ಲೂ" ಎಂಬ ಸೂಚಿ ಬೇರೆ. ಆವರಣದಿಂದ ಹೊರಗೆ ತನ್ನಿ. ಕಂಬದ ಗ್ರಾಫಿನಲ್ಲಿ ಎತ್ತರ ನಿಮ್ಮ ಬಳಿಯೇ ಇದ್ದರೆ ಜಿಯೋಮ್_ಕಾಲ್(), ಸಾಲುಗಳನ್ನು ಎಣಿಸಿಕೊಡಬೇಕಿದ್ದರೆ ಜಿಯೋಮ್_ಬಾರ್(). ಅದಲುಬದಲಾದರೆ "ಸ್ಟ್ಯಾಟ್_ಕೌಂಟ್" ಹೆಸರಿನ ಎರರ್. ಕರ್ನಾಟಕದ 31 ಜಿಲ್ಲೆಗಳ ಹೆಸರು ಅಡ್ಡ ಅಕ್ಷದಲ್ಲಿ ಹಿಡಿಯುವುದಿಲ್ಲ, ಅಕ್ಷರ ಚಿಕ್ಕದು ಮಾಡಿ ಪ್ರಯೋಜನವಿಲ್ಲ. ಜಿಲ್ಲೆಯನ್ನು ಲಂಬ ಅಕ್ಷಕ್ಕೆ ಹಾಕಿ.

ಕನ್ನಡದ ಜಾಗದಲ್ಲಿ ಚೌಕ, ಚುಕ್ಕೆ, ಅಥವಾ ಒಡೆದ ಒತ್ತಕ್ಷರ

ನಾಲ್ಕು ಬೇರೆ ಲಕ್ಷಣ, ನಾಲ್ಕು ಬೇರೆ ಕಾರಣ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ, ಆದ್ದರಿಂದ ಕಂಡದ್ದು ಯಾವುದು ಎಂದು ಮೊದಲು ಗುರುತಿಸಿ.

ಕೋಷ್ಟಕದಲ್ಲೇ ಕನ್ನಡದ ಬದಲು ಯು+0ಸಿ95 ಎಂಬಂಥ ಸಂಕೇತ ಕಂಡರೆ ಆರ್ ಹಳೆಯದು. ವಿಂಡೋಸ್‌ನಲ್ಲಿ ಆರ್ ಯುಟಿಎಫ್-8ಕ್ಕೆ ಬಂದದ್ದು 2022ರ 4.2.0 ಆವೃತ್ತಿಯಿಂದ. ಅದಕ್ಕಿಂತ ಹಿಂದಿನದ್ದರಲ್ಲಿ ಕನ್ನಡದೊಡನೆ ಗುದ್ದಾಡಬೇಡಿ, ಹೊಸದು ಹಾಕಿಕೊಳ್ಳಿ. ಕೋಷ್ಟಕದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿಯಾಗಿ ಉಳಿಸಿದ್ದೀರಿ. ಆ ಫೈಲಿನಲ್ಲಿ ಕನ್ನಡ ಅಳಿದು ಹೋಗಿದೆ, ಯಾವ ಆಜ್ಞೆಯಿಂದಲೂ ಮರಳುವುದಿಲ್ಲ. ಮೂಲ ಎಕ್ಸೆಲ್ ಫೈಲಿಗೆ ಹೋಗಿ "ಸಿಎಸ್‌ವಿ ಯುಟಿಎಫ್-8" ಆಯ್ಕೆಯಲ್ಲಿ ಬೇರೆ ಹೆಸರಿಗೆ ಉಳಿಸಿ. ಮೂಲವನ್ನು ಎಂದೂ ಮೇಲೆಬರೆದು ಕೆಡಿಸಬೇಡಿ ಎನ್ನುವುದು ಇದಕ್ಕೇ. ಹಾಗೆ ಉಳಿಸಿದ ಫೈಲಿನ ಮೊದಲ ಕಾಲಮ್ಮಿನ ಹೆಸರಿಗೆ ವಿಚಿತ್ರ ಅಕ್ಷರ ಅಂಟಿಕೊಂಡು ಬಂದರೆ ರೀಡ್.ಸಿಎಸ್‌ವಿ() ಒಳಗೆ ಫೈಲ್‌ಎನ್‌ಕೋಡಿಂಗ್ = "ಯುಟಿಎಫ್-8-ಬಿಒಎಂ" ಕೊಡಿ; ಎನ್‌ಕೋಡಿಂಗ್‌ನ ಇ ದೊಡ್ಡಕ್ಷರ, ಉದ್ಧರಣದೊಳಗೆ ಎಲ್ಲವೂ ದೊಡ್ಡಕ್ಷರ. ಇನ್ನು ಪದಗಳು ಸೊಟ್ಟಗುರುತಿನ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದ ದತ್ತಾಂಶ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿದ ಮೇಲೆಯೇ ಆರ್‌ಗೆ ತನ್ನಿ.

ಕೋಷ್ಟಕದಲ್ಲಿ ಕನ್ನಡ ಚೆನ್ನಾಗಿದೆ, ಚಿತ್ರದಲ್ಲಿ ಚೌಕ ಬರುತ್ತದೆ ಎಂದರೆ ಫಾಂಟ್ ಸಿಕ್ಕಿಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್ ಮೊದಲೇ ಇರುತ್ತವೆ. ಉಬುಂಟು, ಡೆಬಿಯನ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಎಲ್ಲ ಕಡೆಗೂ ಉಚಿತ. ಫಾಂಟ್ ಹಾಕಿದ ಮೇಲೆ ಆರ್ ಮುಚ್ಚಿ ತೆರೆಯಿರಿ.

ಪಿಡಿಎಫ್‌ನಲ್ಲಿ ಮಾತ್ರ ಕನ್ನಡದ ಜಾಗಕ್ಕೆ ಚುಕ್ಕೆಗಳ ಸಾಲು ಬಂದು, "ಕನ್ವರ್ಶನ್ ಫೇಲ್ಯೂರ್… ಎಂಬಿಸಿಎಸ್ ಟು ಎಸ್‌ಬಿಸಿಎಸ್" ಎಂಬ ಎಚ್ಚರಿಕೆ ಕಂಡರೆ ಫಾಂಟಿನ ತಪ್ಪಿಲ್ಲ. ಆರ್‌ನ ಸಾದಾ ಪಿಡಿಎಫ್() ಸಾಧನ ಒಂದು ಬೈಟಿನ ಅಕ್ಷರಗಳಿಗೆ ಕಟ್ಟಿದ್ದು; ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಕೈರೋ_ಪಿಡಿಎಫ್() ಬಳಸಿ.

ಕೊನೆಯದು ಒಡೆದ ಒತ್ತಕ್ಷರ. "ಕರ್ನಾಟಕ ರಾಷ್ಟ್ರ" ಎಂದು ಶೀರ್ಷಿಕೆ ಕೊಟ್ಟು ನೋಡಿ: ಅರ್ಕಾವತ್ತೂ ಇದೆ, ಎರಡು ಒತ್ತು ಒಟ್ಟಿಗೆ ಬರುವ ಅಕ್ಷರವೂ ಇದೆ. ಅಕ್ಷರಗಳು ಬಂದಿದ್ದು ಒತ್ತುಗಳು ಬಿಡಿಬಿಡಿಯಾಗಿದ್ದರೆ ಆ ಸಾಧನಕ್ಕೆ ಅಕ್ಷರ ಹೆಣೆಯಲು ಬರುವುದಿಲ್ಲ. ಹಲವರು ಸೂಚಿಸುವ ಶೋಟೆಕ್ಸ್ಟ್ ಪ್ಯಾಕೇಜಿನ ಮಿತಿಯೂ ಇದೇ: ಚೌಕ ಹೋಗುತ್ತದೆ, ಒತ್ತು ಕೂಡುವುದಿಲ್ಲ. ಕನ್ನಡಕ್ಕೆ ನಂಬಬಹುದಾದ ದಾರಿ ಆರ್-ಎ-ಜಿ-ಜಿ ಎಂಬ ನಾಲ್ಕಕ್ಷರದ ಪ್ಯಾಕೇಜ್. ಸ್ಥಾಪಿಸಿದ ಮೇಲೆ ಆರ್‌ಸ್ಟುಡಿಯೋದ ಟೂಲ್ಸ್, ಗ್ಲೋಬಲ್ ಆಪ್ಶನ್ಸ್, ಜನರಲ್, ಗ್ರಾಫಿಕ್ಸ್ ಒಳಗೆ ಬ್ಯಾಕೆಂಡ್ ಜಾಗದಲ್ಲಿ ಎಜಿಜಿ ಆರಿಸಿ. ಫೈಲಿಗೆ ಉಳಿಸಲು ಪಿಎನ್‌ಜಿ() ಬದಲು ಅದೇ ಪ್ಯಾಕೇಜಿನ ಎಜಿಜಿ_ಪಿಎನ್‌ಜಿ(). ಕೈರೋ_ಪಿಡಿಎಫ್ ಒತ್ತಕ್ಷರ ಹೆಣೆಯಬೇಕಾದರೆ ಆರ್ ಪ್ಯಾಂಗೋ (ಅಕ್ಷರ ಹೆಣೆಯುವ ತಂತ್ರಾಂಶ) ಜೊತೆ ಕಟ್ಟಿರಬೇಕು. ಜಿಆರ್‌ಸಾಫ್ಟ್‌ವರ್ಷನ್() (ಎಸ್, ವಿ ದೊಡ್ಡಕ್ಷರ) ಓಡಿಸಿದರೆ ಪ್ಯಾಂಗೋ ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ 600 ರೆಸಲ್ಯೂಶನ್ನಿನ ಪಿಎನ್‌ಜಿ ಮುದ್ರಣಕ್ಕೂ ಸಾಕು.

ಒಂದು ಸಲಹೆ: ಕಾಲಮ್ಮುಗಳ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ. ಕನ್ನಡ ಬೇಕಾದದ್ದು ಶೀರ್ಷಿಕೆಗೆ, ಅಕ್ಷದ ಹೆಸರಿಗೆ; ಅಲ್ಲಿ ಬರೆದರೆ ಸಾಕು.

ಉಳಿಸಿದ ಚಿತ್ರ ಖಾಲಿ, ಅಥವಾ ಮಸುಕು

ಫೈಲ್ ತೆರೆಯದಿದ್ದರೆ ಡೆವ್.ಆಫ್() ಮರೆತಿದ್ದೀರಿ. ಮಸುಕಾಗಿದ್ದರೆ ಅಳತೆ ಕೊಟ್ಟಿಲ್ಲ: ಪಿಎನ್‌ಜಿ() ತಾನಾಗಿ ಮಾಡುವುದು 480 × 480 ಪಿಕ್ಸೆಲ್. ಪ್ರಬಂಧಕ್ಕೆ ಅಗಲ 6, ಎತ್ತರ 4, ಯೂನಿಟ್ಸ್ "ಇನ್", ರೆಸ್ 300 ಎಂದರೆ 1800 × 1200 ಬರುತ್ತದೆ. ಪಿಕ್ಸೆಲ್ ಮಾತ್ರ ಹೆಚ್ಚಿಸಿ ರೆಸ್ ಬಿಟ್ಟರೆ ಅಕ್ಷರಗಳು ಇರುವೆಯಷ್ಟಾಗುತ್ತವೆ. ಜಿಜಿಸೇವ್() 300ರಲ್ಲೇ ಉಳಿಸುತ್ತದೆ, ಆದರೆ ಕೊನೆಗೆ ತೋರಿಸಿದ ಚಿತ್ರವನ್ನು; ಬೇರೆಯದು ಬೇಕಿದ್ದರೆ ಹೆಸರು ಹೇಳಿ. ಒಂದೇ ಹೆಸರಿನ ಹಳೆಯ ಫೈಲ್ ಇದ್ದರೆ ಇವು ಯಾವುವೂ ಕೇಳುವುದಿಲ್ಲ, ಮೇಲೆ ಬರೆದುಬಿಡುತ್ತವೆ. ಲಕ್ಷಗಟ್ಟಲೆ ಚುಕ್ಕೆಯ ಗ್ರಾಫನ್ನು ಪಿಡಿಎಫ್ ಮಾಡಬೇಡಿ. ಅದರಲ್ಲಿ ಒಂದೊಂದು ಚುಕ್ಕೆಯೂ ಬೇರೆಯಾಗಿ ದಾಖಲಾಗುವುದರಿಂದ ಫೈಲ್ ಉಬ್ಬಿ ತೆರೆಯಲು ಏಳುವುದಿಲ್ಲ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಮೊದಲು ಸೆಷನ್ ಮೆನುವಿನಲ್ಲಿ ರೀಸ್ಟಾರ್ಟ್ ಆರ್ ಮಾಡಿ, ಸ್ಕ್ರಿಪ್ಟನ್ನು ಮೇಲಿಂದ ಸಾಲು ಸಾಲಾಗಿ ಓಡಿಸಿ. ಮುಚ್ಚುವಾಗ ವರ್ಕ್‌ಸ್ಪೇಸ್ ಉಳಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ಹೆಸರುಗಳು ಮರಳಿ ಬಂದು ಇಲ್ಲದ ದೋಷ ಹುಟ್ಟಿಸುತ್ತವೆ. ಆದರೆ ಹಾಗೆ ಮುಚ್ಚುವ ಮೊದಲು ಸ್ಕ್ರಿಪ್ಟ್ ಉಳಿಸಿದ್ದೀರಾ ನೋಡಿಕೊಳ್ಳಿ, ಕನ್ಸೋಲ್‌ನಲ್ಲಿ ಕೈಯಿಂದ ಮಾಡಿದ್ದೆಲ್ಲ ಹೋಗುತ್ತದೆ. ಯಾರೋ ಕೊಟ್ಟ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಆರ್‌ಎಂ(ಲಿಸ್ಟ್ = ಎಲ್‌ಎಸ್()) ಇದ್ದರೆ ಅದು ನೆನಪಿನಲ್ಲಿರುವುದನ್ನೆಲ್ಲ ಅಳಿಸುತ್ತದೆ. ಅನ್‌ಲಿಂಕ್, ಫೈಲ್.ರಿಮೂವ್, ಸಿಸ್ಟಮ್ ಎಂಬ ಹೆಸರುಗಳಿದ್ದರೆ ಏಕೆ ಇವೆ ಎಂದು ತಿಳಿಯದೆ ಓಡಿಸಬೇಡಿ. ಅವು ಡಿಸ್ಕನ್ನೇ ಮುಟ್ಟುತ್ತವೆ.

ರೀಸ್ಟಾರ್ಟ್ ಆದ ಮೇಲೂ ಪ್ಲಾಟ್(ಕಾರ್ಸ್) ಬರದಿದ್ದರೆ, ಗ್ರಾಫ್ ಬರೆದಾಗಲೆಲ್ಲ ಆರ್ ಸೆಷನ್ನೇ ಕುಸಿದರೆ, ಸರ್ವರಿನಲ್ಲಿ "ಎಕ್ಸ್11 ಡಿಸ್‌ಪ್ಲೇ" ಎರರ್ ಪಿಎನ್‌ಜಿಗೆ ಟೈಪ್ = "ಕೈರೋ" ಕೊಟ್ಟರೂ ಹೋಗದಿದ್ದರೆ, ಅದು ಕಲಿಯುವವರು ಮನೆಯಲ್ಲಿ ತಿದ್ದುವ ದೋಷವಲ್ಲ. ಲ್ಯಾಬ್ ಅಥವಾ ಸರ್ವರ್ ನೋಡಿಕೊಳ್ಳುವವರಿಗೆ ತಿಳಿಸಿ.

ಕೇಳುವಾಗ ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೋ ಕಳಿಸಬೇಡಿ, ಅದನ್ನು ನಕಲು ಮಾಡಿ ಓಡಿಸಲಾಗುವುದಿಲ್ಲ. ಎರರ್‌ನ ಪೂರ್ತಿ ಪಠ್ಯ, ಅದನ್ನು ಹುಟ್ಟಿಸುವ ಅತಿ ಚಿಕ್ಕ ಆಜ್ಞೆ, ಸೆಷನ್‌ಇನ್ಫೋ() (ಇನ್ಫೋದ ಐ ದೊಡ್ಡಕ್ಷರ) ಕೊಡುವ ಪಟ್ಟಿ, ಡಿಪುಟ್(ಹೆಡ್(ಕೋಷ್ಟಕ)) ಕೊಡುವ ಆರು ಸಾಲು, ಇಷ್ಟು ಅಂಟಿಸಿ. ಆ ಆರು ಸಾಲಿನಲ್ಲಿ ರೋಗಿಗಳ ಹೆಸರು, ಫೋನ್, ಆಧಾರ್ ಸಂಖ್ಯೆಯಂಥವು ಇದ್ದರೆ ಕಾಲಮ್ಮನ್ನೇ ತೆಗೆಯಿರಿ. ದೋಷ ಕಾರ್ಸ್ ಅಥವಾ ಏರ್‌ಕ್ವಾಲಿಟಿ ಕೋಷ್ಟಕದಲ್ಲೂ ಮರುಕಳಿಸುವುದಾದರೆ ಅದನ್ನೇ ಕೊಡಿ, ನಿಮ್ಮ ದತ್ತಾಂಶ ಯಾರಿಗೂ ತೋರಿಸಬೇಕಿಲ್ಲ.